ಚಿತ್ರ ಹೇಳುವ ಕಥೆ

ಚಿತ್ರಕಥೆಯ ಪುಸ್ತಕವನ್ನು ಮಕ್ಕಳ ಕೈಯಲ್ಲಿ ಕಂಡೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ಪ್ರತಿಯೊಂದು ಊರಿನಲ್ಲಿಯೂ ಉಂಟು. ಅದು ಓದಲ್ಲ, ಓದಿನ ಸೋಗು ಎಂಬುದು ಅವರ ಎಣಿಕೆ. ಹಳೆಯ ಪೌರಾಣಿಕ ಚಲನಚಿತ್ರಗಳ ವಿಷಯದಲ್ಲಿಯೂ ವಿದ್ಯಾವಂತರಲ್ಲಿ ಅನೇಕರ ಧೋರಣೆ ಹೀಗೆಯೇ ಇದೆ. ತಗಡಿನ ಕಿರೀಟ, ಬಣ್ಣ ಬಳಿದ ಪರದೆ, ಆಕಾಶದಲ್ಲಿ ಹಾರುವ ಬಾಣ, ಇವುಗಳಲ್ಲಿ ಕಲೆಯೆಲ್ಲಿ ಬಂತು ಎಂದು ಅವರು ನಗುತ್ತಾರೆ. ಈ ಎರಡನ್ನೂ ಮನಸಾರೆ ಮೆಚ್ಚಿದ ಅಭಿಮಾನಿ ಇಂಥ ಮಾತಿಗೆ ಸಾಮಾನ್ಯವಾಗಿ ಉತ್ತರ ಕೊಡುವುದಿಲ್ಲ. ಚಿತ್ರಕಥೆಯನ್ನು ಗಣಿತದ ಪುಸ್ತಕದ ಮರೆಯಲ್ಲಿಟ್ಟು ಓದು ಮುಂದುವರಿಸುತ್ತಾನೆ, ಅಷ್ಟೆ. ಹಾಗೆಂದು ಉತ್ತರವೇ ಇಲ್ಲವೆಂದಲ್ಲ. ಏಳುನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಆ ಉತ್ತರ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕಲ್ಲಿನ ಮೇಲೆ ಮೂಡಿ ನಿಂತಿದೆ.

ಕೃಷ್ಣರಾಜಪೇಟೆಯಿಂದ ಎರಡು ಮೂರು ಕಿಲೋಮೀಟರುಗಳ ದೂರದಲ್ಲಿರುವ ಹೊಸಹೊಳಲು ಪ್ರವಾಸಿಗಳು ಕಿಕ್ಕಿರಿಯುವ ಊರಲ್ಲ. 2023ರಲ್ಲಿ ಯುನೆಸ್ಕೊ ಸಂಸ್ಥೆಯು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಹೊಸಹೊಳಲಿನ ಹೆಸರು ಅದರಲ್ಲಿ ಇರಲಿಲ್ಲ. ಇರಲಿ, ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಕಲ್ಲಿನ ಚೆಲುವು ಕುಂದುವುದಿಲ್ಲ. ಇಲ್ಲಿಯ ಲಕ್ಷ್ಮೀನಾರಾಯಣ ದೇವಾಲಯ ಸುಮಾರು 1250ರಲ್ಲಿ, ವೀರ ಸೋಮೇಶ್ವರನ ಆಳ್ವಿಕೆಯಲ್ಲಿ ನಿರ್ಮಾಣವಾಯಿತೆಂದು ವಿದ್ವಾಂಸರ ಅಭಿಪ್ರಾಯ. ಮೂರು ಗರ್ಭಗುಡಿಗಳುಳ್ಳ ತ್ರಿಕೂಟ ಇದು. ನಡುವೆ ನಾರಾಯಣ, ದಕ್ಷಿಣಕ್ಕೆ ವೇಣುಗೋಪಾಲ, ಉತ್ತರಕ್ಕೆ ಲಕ್ಷ್ಮೀನರಸಿಂಹ. ದೇವಾಲಯದ ನಕ್ಷತ್ರಾಕೃತಿಯನ್ನೇ ಅನುಸರಿಸಿ ಸುತ್ತಲೂ ಎತ್ತರವಾದ ಜಗತಿಯಿದೆ. ಆ ಜಗತಿಯ ಮೇಲೆ ನಿಂತು ಗೋಡೆಯ ಬುಡವನ್ನು ನೋಡಿದರೆ ಒಂದರ ಮೇಲೊಂದರಂತೆ ಆರು ಪಟ್ಟಿಕೆಗಳು ಕಾಣಿಸುತ್ತವೆ. ಕೆಳಗಿನಿಂದ ಆನೆಗಳ ಸಾಲು, ಕುದುರೆ ಸವಾರರ ಸಾಲು, ಬಳ್ಳಿಯ ಸುರುಳಿ. ಎಲ್ಲಕ್ಕೂ ಮೇಲೆ ಮಕರಗಳು ಮತ್ತು ಹಂಸಗಳು. ಇವುಗಳ ನಡುವೆ, ಬಳ್ಳಿಗೂ ಮಕರಕ್ಕೂ ಮಧ್ಯೆ, ಸುಮಾರು ಒಂದು ಗೇಣೆತ್ತರದ ಪಟ್ಟಿಕೆಯೊಂದು ಗುಡಿಯನ್ನು ಬಳಸಿಕೊಂಡು ಸಾಗುತ್ತದೆ. ಅದೇ ಕಥಾಪಟ್ಟಿಕೆ. ದಕ್ಷಿಣದ ಗುಡಿಯ ಮಗ್ಗುಲಲ್ಲಿ ರಾಮಾಯಣ ಆರಂಭವಾಗುತ್ತದೆ. ಉತ್ತರದ ಕಡೆಗೆ ಬಂದರೆ ಮಹಾಭಾರತ.

ಚಿತ್ರಕಥೆಯನ್ನು ಬಲ್ಲವನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದರ ಪಕ್ಕದಲ್ಲಿ ಒಂದು ಚಿತ್ರ. ಒಂದೇ ಪಾತ್ರ ಮತ್ತೆ ಮತ್ತೆ ಬರುವುದು. ಒಂದು ದೃಶ್ಯಕ್ಕೂ ಇನ್ನೊಂದಕ್ಕೂ ನಡುವೆ ಕಾಲ ಕಳೆದಿದೆಯೆಂದು ನೋಡುವವನೇ ತಿಳಿದುಕೊಳ್ಳುವುದು, ಇವೇ ಅಲ್ಲವೆ ಚಿತ್ರಕಥೆಯ ಲಕ್ಷಣಗಳು? ಭೇದವಿರುವುದು ಓದುವ ದಿಕ್ಕಿನಲ್ಲಿ. ಪುಸ್ತಕದ ಪುಟದ ಮೇಲೆ ಕಣ್ಣು ಎಡದಿಂದ ಬಲಕ್ಕೆ ಓಡುತ್ತದೆ. ಗುಡಿಯನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಬರುವವನು ಗೋಡೆಗೆ ಮುಖಮಾಡಿ ನಿಂತರೆ ಅವನ ದಾರಿ ಎಡಕ್ಕೆ ಸಾಗುತ್ತದೆ. ಆದುದರಿಂದ ಕಥೆಯೂ ಬಲದಿಂದ ಎಡಕ್ಕೆ ಹರಿಯುತ್ತದೆ. ಇಲ್ಲಿ ಪುಟ ತಿರುವುವುದು ಕೈಯಲ್ಲ, ಕಾಲು.

ಈ ಕಥೆಯಲ್ಲಿ ಮಾತಿಲ್ಲ. ಪಾತ್ರಗಳ ಬಾಯಿಂದ ಹೊರಟ ಗುಳ್ಳೆಗಳಿಲ್ಲ, ಅತ್ತ ಏನಾಯಿತೆಂದರೆ ಎಂದು ತಿಳಿಸುವ ಚೌಕಟ್ಟಿನ ಬರಹವೂ ಇಲ್ಲ. ಹತ್ತು ತಲೆಗಳಿದ್ದರೆ ರಾವಣ, ಬಾಲವಿದ್ದರೆ ವಾನರ, ಗದೆಯಿದ್ದರೆ ಭೀಮನಿರಬಹುದು, ಹೀಗೆ ಗುರುತು ಹಿಡಿಯುತ್ತ ಹೋಗಬೇಕು. ಹೊಯ್ಸಳ ಶಿಲ್ಪಿಗಳಿಗೆ ಬಲು ಪ್ರಿಯವಾದ ಒಂದು ಸನ್ನಿವೇಶವುಂಟು. ಸುಗ್ರೀವನಿಗೆ ನಂಬಿಕೆ ಬರಲೆಂದು ರಾಮನು ಒಂದೇ ಬಾಣದಿಂದ ಏಳು ಮರಗಳನ್ನು ಭೇದಿಸಿದ್ದು. ಶಿಲ್ಪಿ ಅದನ್ನು ಕೆತ್ತುವಾಗ ಏಳು ಮರಗಳನ್ನು ಒಂದು ಹಾವಿನ ಮೈಮೇಲೆ ಬೆಳೆದಂತೆ ತೋರಿಸುವುದುಂಟು. ಹಾವು ಏಕೆ ಬಂತೆಂಬುದನ್ನು ಕಲ್ಲು ಹೇಳುವುದಿಲ್ಲ. ಕಥೆ ಬಲ್ಲವರು ಪಕ್ಕದಲ್ಲಿದ್ದು ಹೇಳಬೇಕು. ಇಲ್ಲವೆ ನೋಡಿದವನು ಮನೆಗೆ ಹೋಗಿ ಕೇಳಬೇಕು. ಶಿಲ್ಪಿಗೆ ನೋಡುವವನ ಮೇಲೆ ಅಷ್ಟು ಭರವಸೆಯಿತ್ತು.

ಆ ಭರವಸೆಗೆ ಅಂದು ಆಧಾರವಿತ್ತು. ಕಾವ್ಯವಾಚನ, ಹರಿಕಥೆ, ಬಯಲಾಟಗಳು ತಲೆತಲಾಂತರದಿಂದ ಜನರಿಗೆ ಈ ಕಥೆಗಳನ್ನು ತಲುಪಿಸಿದ್ದವು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ತೊಗಲು ಗೊಂಬೆಯ ಮೇಳದವರು ಬಿಳಿಯ ಪರದೆಯ ಹಿಂದೆ ದೀಪ ಹಚ್ಚಿ, ಬಣ್ಣ ಹಾಕಿದ ತೊಗಲಿನ ಗೊಂಬೆಗಳನ್ನು ಕುಣಿಸಿ ರಾತ್ರಿಯೆಲ್ಲ ರಾಮಾಯಣ ನಡೆಸುತ್ತಿದ್ದರು. ಕತ್ತಲು, ಪರದೆ, ಬೆಳಕು, ಚಲಿಸುವ ಚಿತ್ರ, ಹಿನ್ನೆಲೆಯ ಹಾಡು, ಇಷ್ಟೂ ಕೂಡಿದ ಮೇಲೆ ಸಿನಿಮಾ ಎಂಬುದು ನಮ್ಮ ಹಳ್ಳಿಗರಿಗೆ ಸಂಪೂರ್ಣ ಹೊಸದಾಗಿ ಕಂಡಿರಲಾರದು. 1913ರಲ್ಲಿ ದಾದಾಸಾಹೇಬ ಫಾಲ್ಕೆಯವರು ಹರಿಶ್ಚಂದ್ರನ ಕಥೆಯನ್ನೇ ಆರಿಸಿಕೊಂಡುದು ಆಕಸ್ಮಿಕವಲ್ಲ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'. ಸುಲೋಚನೆ ಯಾರು? ಇಂದ್ರಜಿತುವಿನ ಮಡದಿ, ರಾವಣನ ಸೊಸೆ. ಕನ್ನಡದ ತೆರೆ ಮೊದಲ ಬಾರಿಗೆ ಮಾತನಾಡಿದಾಗ ರಾಮನ ಮನೆಯ ಕಥೆಯನ್ನು ಬಿಟ್ಟು ಶತ್ರುವಿನ ಮನೆಯ ದುಃಖವನ್ನು ಆಡಿತು. ಪೌರಾಣಿಕ ಚಿತ್ರಗಳಲ್ಲಿ ವಿಚಾರವಿಲ್ಲವೆನ್ನುವವರು ಈ ಸಂಗತಿಯನ್ನು ಒಮ್ಮೆ ನೆನೆಯುವುದೊಳ್ಳೆಯದು.

ಚಿತ್ರಕಥೆಯೂ ಚಲನಚಿತ್ರವೂ ಒಡಹುಟ್ಟಿದವು ಎಂಬುದಕ್ಕೆ 'ಚಂದಮಾಮ'ಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು. ಮದರಾಸಿನ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭಿಸಿದ ಈ ಮಾಸಪತ್ರಿಕೆ 1949ರಿಂದ ಕನ್ನಡದಲ್ಲಿಯೂ ಬಂದು, ಎರಡು ಮೂರು ತಲೆಮಾರುಗಳ ಮಕ್ಕಳಿಗೆ ತಿಂಗಳ ಹಬ್ಬವಾಯಿತು. ಎಂ.ಟಿ.ವಿ. ಆಚಾರ್ಯರು ಅದರ ಮುಖಪುಟಗಳಿಗಾಗಿ ಬರೆದ ಮಹಾಭಾರತದ ಚಿತ್ರಗಳನ್ನೂ, ಹೆಗಲ ಮೇಲೆ ಶವ ಹೊತ್ತು ಕತ್ತಿ ಹಿಡಿದು ನಡೆವ ವಿಕ್ರಮನನ್ನು ಶಂಕರ್ ಅವರು ಬರೆದ ರೀತಿಯನ್ನೂ ಕಂಡವರು ಮರೆಯಲಾರರು. ಇದೇ ಇಬ್ಬರು ಪ್ರಕಾಶಕರ ವಿಜಯಾ ಸಂಸ್ಥೆಯಿಂದಲೇ 1957ರಲ್ಲಿ ಕೆ.ವಿ. ರೆಡ್ಡಿಯವರ 'ಮಾಯಾಬಜಾರ್' ಹೊರಬಂದಿತು. ಅದು ತೆಲುಗು ಮತ್ತು ತಮಿಳಿನಲ್ಲಿ ತಯಾರಾದ ಚಿತ್ರವಾದರೂ ಅದನ್ನು ತಮ್ಮದೆಂದೇ ಎಣಿಸುವ ಕನ್ನಡಿಗರು ಬಹಳ ಮಂದಿ. ಪಾಂಡವರ ಕಥೆಯೆನಿಸಿದ ಆ ಚಿತ್ರದಲ್ಲಿ ಪಾಂಡವರು ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ! ನೋಡುವವರಿಗೆ ಅವರ ಕೊರತೆ ಅನಿಸುವುದೂ ಇಲ್ಲ. ಹೊಸಹೊಳಲಿನ ಶಿಲ್ಪಿಗೆ ಪ್ರೇಕ್ಷಕನ ಮೇಲಿದ್ದ ನಂಬಿಕೆ ಈ ನಿರ್ದೇಶಕನಿಗೂ ಇತ್ತು. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಚಿತ್ರದ ನಿಜವಾದ ನಾಯಕ ರಾಕ್ಷಸನಾದ ಘಟೋತ್ಕಚ. ಎಸ್.ವಿ. ರಂಗರಾಯರ ಆ ಭಾರಿ ದೇಹ, ಮಗುವಿನಂಥ ನಗೆ, ತಾಯ ಮಾತಿಗೆ ತಲೆಬಾಗುವ ವಿನಯ ಇವುಗಳನ್ನು ಕಂಡ ಮೇಲೆ ರಾಕ್ಷಸ ಎಂಬ ಶಬ್ದಕ್ಕೆ ಮೊದಲಿದ್ದ ಅರ್ಥ ಉಳಿಯುವುದಿಲ್ಲ. ಘಟೋತ್ಕಚ ಶಶಿರೇಖೆಯ ರೂಪ ತಾಳಿದಾಗ ಸಾವಿತ್ರಿಯವರು ರಾಕ್ಷಸನ ನಡೆಯನ್ನೂ ಬೀಗನ್ನೂ ಕೋಮಲೆಯೊಬ್ಬಳ ಮೈಯಲ್ಲಿ ತುಂಬಿದ ಬಗೆಯನ್ನು ಯಾವ ಶಾಲೆಯಲ್ಲಿಯೂ ಕಲಿಸಲಾಗದು.

ಇನ್ನು 'ಅಮರ ಚಿತ್ರ ಕಥೆ'. ಇದರ ಸಂಪಾದಕ ಅನಂತ ಪೈಯವರು 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. ಈ ಮಾಲೆಯ ಮೊದಲ ಹತ್ತು ಪುಸ್ತಕಗಳು 1965ರಲ್ಲಿ ಕನ್ನಡದಲ್ಲಿ ಪ್ರಕಟವಾದವೆಂಬುದು ಕನ್ನಡಿಗರಿಗೇ ಅಷ್ಟಾಗಿ ತಿಳಿಯದು. ಅವು ಸಿಂಡ್ರೆಲಾ ಮುಂತಾದ ಪಾಶ್ಚಾತ್ಯ ಕಥೆಗಳು. ಹನ್ನೊಂದನೆಯದಾದ 'ಕೃಷ್ಣ'ದಿಂದ ಮಾಲೆ ನಮ್ಮ ಪುರಾಣಗಳ ಕಡೆಗೆ ತಿರುಗಿತು. ಮುಂದೆ ನಾನೂರಕ್ಕೂ ಹೆಚ್ಚು ಪುಸ್ತಕಗಳು ಬಂದುವು. ಹರಿಕಥೆ ಕೇಳದ, ಬಯಲಾಟ ನೋಡದ, ನಗರದ ಇಕ್ಕಟ್ಟಾದ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಕರ್ಣ ಯಾರು, ಶಕುಂತಲೆ ಯಾರು ಎಂದು ತಿಳಿಸಿದವು ಈ ಮೂವತ್ತೆರಡು ಪುಟಗಳ ಪುಸ್ತಕಗಳೇ. ಅಂಥ ಬಾಲಕನೋ ಬಾಲಕಿಯೋ ಇಂದು ಹೊಸಹೊಳಲಿನ ಜಗತಿಯ ಮೇಲೆ ನಿಂತು ಕಥಾಪಟ್ಟಿಕೆಯ ನಾಲ್ಕು ದೃಶ್ಯಗಳನ್ನಾದರೂ ಗುರುತಿಸಿದರೆ ಆ ಪುಣ್ಯದಲ್ಲಿ ಚಿತ್ರಕಥೆಗೂ ಪಾಲಿದೆ. ಚಿತ್ರಕಥೆ ಓದನ್ನು ಕೆಡಿಸುತ್ತದೆ ಎಂಬ ಆಕ್ಷೇಪಣೆ ಇಲ್ಲಿ ನಿಲ್ಲುವುದಿಲ್ಲ.

ನಿಲ್ಲುವ ಆಕ್ಷೇಪಣೆ ಬೇರೆ ಇದೆ. ಅಭಿಮಾನಿಯಾದವನು ಅದನ್ನು ಮುಚ್ಚಿಡಬಾರದು. ಅದು ಬಣ್ಣದ ವಿಷಯ. ಅಮರ ಚಿತ್ರ ಕಥೆಯ ಅನೇಕ ಪುಸ್ತಕಗಳಲ್ಲಿ ದೇವತೆಗಳೂ ರಾಜಕುಮಾರರೂ ಗೌರವರ್ಣದವರು, ರಾಮಕೃಷ್ಣರು ತಿಳಿನೀಲಿ. ಅಸುರರಾದರೋ ಕಪ್ಪು ಇಲ್ಲವೆ ಕಂದು ಮೈಯವರು, ದಪ್ಪ ತುಟಿಯವರು, ಕೋರೆಹಲ್ಲಿನವರು. ಪುಟ ತೆರೆದೊಡನೆ, ಒಂದಕ್ಷರ ಓದುವ ಮುನ್ನವೇ, ಒಳ್ಳೆಯವನಾರು ಕೆಟ್ಟವನಾರು ಎಂದು ಮಗುವಿಗೆ ಗೊತ್ತಾಗಿಬಿಡುತ್ತದೆ. ಬಿಸಿಲಿನಲ್ಲಿ ದುಡಿದು ಮೈ ಕಪ್ಪಾದ ತಂದೆಯ ಮಗು ಆ ಚಿತ್ರದಿಂದ ಏನು ಕಲಿಯಬೇಕು? ಹೊಸಹೊಳಲಿನಲ್ಲಿ ಈ ತೊಡಕಿಲ್ಲ. ರಾಮನಿಗೂ ರಾವಣನಿಗೂ ಅಲ್ಲಿ ಒಂದೇ ಬಳಪದ ಕಲ್ಲು. ಅವರನ್ನು ಬೇರೆ ಮಾಡುವುದು ಅವರು ಮಾಡುವ ಕೆಲಸ, ನಿಂತ ನಿಲುವು, ಹಿಡಿದ ಆಯುಧ, ಮೈಬಣ್ಣವಲ್ಲ.

ಹಳೆಯ ಕಪ್ಪು ಬಿಳುಪು ಚಿತ್ರಗಳಿಗೂ ಈ ಗುಣ ತಕ್ಕಮಟ್ಟಿಗೆ ಇತ್ತೆನ್ನಬಹುದು. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ 'ಸತ್ಯ ಹರಿಶ್ಚಂದ್ರ' 1965ರದು. ಅದರಲ್ಲಿ ದೋಷಗಳಿಲ್ಲವೆ? ಇವೆ. ಹಾಸ್ಯದ ಪ್ರಸಂಗಗಳು ಕೆಲವೆಡೆ ಕಥೆಯ ಕಾಲಿಗೆ ತೊಡರುತ್ತವೆ. ಆದರೆ ರಾಜ್‌ಕುಮಾರ್ ಅವರ ಹರಿಶ್ಚಂದ್ರ ಸ್ಮಶಾನದಲ್ಲಿ ಕೋಲು ಹಿಡಿದು ನಿಂತಾಗ, ಪಂಢರಿಬಾಯಿಯವರ ಚಂದ್ರಮತಿ ಮಗನ ಶವದೊಡನೆ ಬಂದಾಗ, ತೆರೆಯ ಮೇಲಿರುವುದು ಬೆಳಕು ಮತ್ತು ನೆರಳು ಮಾತ್ರ. 2008ರಲ್ಲಿ ಈ ಚಿತ್ರಕ್ಕೆ ಯಂತ್ರದ ನೆರವಿನಿಂದ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದರು. 2010ರಲ್ಲಿ ಮಾಯಾಬಜಾರಿಗೂ ಹಾಗೆಯೇ ಆಯಿತು. ಹೊಸ ತಲೆಮಾರಿನವರು ಚಿತ್ರಮಂದಿರಕ್ಕೆ ಬಂದರು, ಅದು ಸಂತೋಷವೇ ಸರಿ. ಆದರೂ ಮಸಣದ ಆ ಕತ್ತಲೆಗೆ ಬಣ್ಣ ಬೇಕಾಗಿರಲಿಲ್ಲ. ಹೊಸಹೊಳಲಿನ ಪಟ್ಟಿಕೆಗೆ ಎಣ್ಣೆಬಣ್ಣ ಬಳಿಯುತ್ತೇವೆಂದು ಯಾರಾದರೂ ಹೊರಟರೆ ಊರವರು ಸುಮ್ಮನಿರುವರೆ?

ಬಣ್ಣದ ಚಿತ್ರಗಳೆಲ್ಲ ಕೀಳೆಂದು ಇದರ ಅರ್ಥವಲ್ಲ. ಹೊಸಹೊಳಲಿನ ಉತ್ತರದ ಗುಡಿಯಲ್ಲಿರುವ ನರಸಿಂಹ ಉಗ್ರನಲ್ಲ; ಲಕ್ಷ್ಮಿಯೊಡನೆ ಕುಳಿತ ಶಾಂತಮೂರ್ತಿ. ಕಂಬ ಒಡೆದು ಬಂದ ಕೋಪ ಕಳೆದ ಮೇಲಿನ ದೇವರು ಅವನು. ಅವನ ಕಥೆಯನ್ನೇ ಹೇಳುವ, 1983ರಲ್ಲಿ ಬಂದ 'ಭಕ್ತ ಪ್ರಹ್ಲಾದ'ದಲ್ಲಿ ಬಣ್ಣಕ್ಕೇನೂ ಕೊರತೆಯಿಲ್ಲ. ಕನ್ನಡದ ಅತ್ಯಂತ ಜನಪ್ರಿಯ ನಟರಾದ ರಾಜ್‌ಕುಮಾರ್ ಅದರಲ್ಲಿ ಪ್ರಹ್ಲಾದನ ಪಕ್ಷದ ಯಾವ ಪಾತ್ರವನ್ನೂ ವಹಿಸದೆ ಹಿರಣ್ಯಕಶಿಪುವಾದರು. ಪ್ರಹ್ಲಾದನಾದವರು ಅವರ ಮಗನೇ. ಮುಂದೆ ಪುನೀತ್ ರಾಜ್‌ಕುಮಾರ್ ಎಂದು ಹೆಸರಾದವರು. ಗದೆ ಹೊತ್ತು ಘರ್ಜಿಸುವ ದೈತ್ಯ ಮಗನನ್ನು ಕಂಡಾಗ ಒಂದು ಕ್ಷಣ ಬರಿಯ ತಂದೆಯಾಗುವುದನ್ನು ನೋಡಿದವರ ಮನಸ್ಸು ಇಬ್ಬಗೆಯಾಗುತ್ತದೆ. ಕಥೆಯ ಕೊನೆ ಎಲ್ಲರಿಗೂ ಗೊತ್ತು. ಆದರೂ ಕಂಬ ಒಡೆಯುವ ಗಳಿಗೆಯಲ್ಲಿ ದೈತ್ಯನಿಗಾಗಿ ಮರುಗುವವರು ಪ್ರೇಕ್ಷಕರಲ್ಲಿ ಇದ್ದೇ ಇರುತ್ತಾರೆ. ಮೂವತ್ತೆರಡು ಪುಟಗಳ ಚಿತ್ರಕಥೆಗೆ ಇದು ಸಾಧ್ಯವಾಗುವುದು ಅಪರೂಪ. ಅಲ್ಲಿ ಮುಖ ಒಂದೇ ಭಾವದಲ್ಲಿ ನಿಂತುಬಿಡುತ್ತದೆ.

ಹಾಗಿದ್ದರೂ ಚಿತ್ರಕಥೆಗೆ ಸಿನಿಮಾಕ್ಕಿಲ್ಲದ ಒಂದು ಅನುಕೂಲವುಂಟು. ಸಿನಿಮಾ ತನ್ನ ವೇಗದಲ್ಲಿ ಓಡುತ್ತದೆ, ನೋಡುವವನನ್ನು ಕಾಯುವುದಿಲ್ಲ. ಪುಸ್ತಕದ ಓದುಗ ಮೆಚ್ಚಿದ ಚಿತ್ರದ ಮುಂದೆ ಬೇಕಾದಷ್ಟು ಹೊತ್ತು ಕುಳಿತಿರಬಹುದು, ಹಿಂದಕ್ಕೂ ಹೋಗಬಹುದು. ಗುಡಿಯ ಗೋಡೆಯೂ ಅಷ್ಟೆ. 'ಚಂದಮಾಮ' 2013ರ ಸುಮಾರಿಗೆ ನಿಂತುಹೋಯಿತು. ಮಹಾಕಾವ್ಯದ ಪಟ್ಟಿಕೆ ಮಾತ್ರ ಜಗತಿಯ ಮೇಲೆ ಇದ್ದಲ್ಲಿಯೇ ಇದೆ. ನೋಡಲು ಬಂದವರು ಹೆಚ್ಚಾಗಿ ತಿರುಗಣೆಯಲ್ಲಿ ಕಡೆದಂತಿರುವ ಒಳಗಿನ ಕಂಬಗಳನ್ನೂ ಗೋಡೆಯ ದೊಡ್ಡ ವಿಗ್ರಹಗಳನ್ನೂ ನೋಡಿ ಹೊರಟುಬಿಡುತ್ತಾರೆ. ಗೇಣೆತ್ತರದ ಕಥೆಯನ್ನು ಓದಬೇಕಾದರೆ ಬಗ್ಗಬೇಕು, ನಿಧಾನವಾಗಿ ನಡೆಯಬೇಕು. ಅಷ್ಟು ಪುರಸೊತ್ತು ಅವರಿಗಿಲ್ಲ.

ಉತ್ತರದ ಮಗ್ಗುಲಿನ ಮಹಾಭಾರತ ಕುರುಕ್ಷೇತ್ರದ ವೀರರ ಮರಣದವರೆಗೆ ಸಾಗುತ್ತದೆ. ಯುದ್ಧ ಮುಗಿದ ಮೇಲೆ ಅಶ್ವಮೇಧದ ಕುದುರೆಯ ಹಿಂದೆ ಹೊರಟ ಅರ್ಜುನ ತನ್ನ ಮಗನೊಡನೆಯೇ ಕಾದಬೇಕಾದ ಕಥೆ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿದೆ. 1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರೇ ಅದನ್ನು 'ಬಭ್ರುವಾಹನ' ಎಂಬ ಚಿತ್ರವನ್ನಾಗಿ ಮಾಡಿದರು. ತಂದೆ ಮಗ ಎರಡೂ ಪಾತ್ರಗಳಲ್ಲಿ ರಾಜ್‌ಕುಮಾರ್ ಒಬ್ಬರೇ. ಬಾಣ ಬಿಡುವವನ ಮುಖವೂ ಅದೇ, ಬಾಣ ತಾಗಿ ಬೀಳುವವನ ಮುಖವೂ ಅದೇ.