ಮೋಜಿನ ಬಾಗಿಲಿಗೆ ದುಬಾರಿ ಸುಂಕ

ಥೀಮ್ ಪಾರ್ಕ್ ಬಡವರ ಕೈಗೆಟುಕದಿರುವುದಕ್ಕೆ ದರವಷ್ಟೇ ಕಾರಣವಲ್ಲ. ದರ ಕಟ್ಟುವ ಕ್ರಮವೂ ಕಾರಣ

ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ರಜೆ ಬೀಳುವ ಹೊತ್ತಿಗೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಬಿಸಿಲು ನಲವತ್ತರ ಗಡಿ ದಾಟಿರುತ್ತದೆ. ಮಧ್ಯಾಹ್ನ ಹೊರಗೆ ಕಾಲಿಡಲಾಗದ ಮಕ್ಕಳ ಕೈಯಲ್ಲಿ ಮೊಬೈಲ್. ಅದರೊಳಗೆ ಬಿಡದಿಯ ವಂಡರ್‌ಲಾದ ನೀರಿನ ಜಾರುಬಂಡಿ, ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯ ಕೋಟೆ ಕೊತ್ತಲ. ‘ನಾವು ಯಾವಾಗ ಹೋಗಾದು?’ ಎಂಬ ಪ್ರಶ್ನೆಗೆ ಮನೆಯಲ್ಲಿ ಸಿಗುವ ಉತ್ತರ ಒಂದೇ: ‘ತೊಗರಿಗಿ ರೇಟ್ ಬರ್ಲಿ, ನೋಡಮು’.

ಥೀಮ್ ಪಾರ್ಕ್ ಪ್ರವಾಸ ಸಾಮಾನ್ಯ ಕುಟುಂಬದ ಕೈಗೆ ಈಗಲೂ ಎಟುಕುತ್ತಿದೆಯೇ ಎಂಬ ಚರ್ಚೆ ಅಮೆರಿಕದಲ್ಲೂ ಇದೆ, ನಮ್ಮ ಮಹಾನಗರಗಳ ಮಧ್ಯಮ ವರ್ಗದಲ್ಲೂ ಇದೆ. ‘ಈಗಲೂ’ ಎನ್ನಬೇಕಾದರೆ ಹಿಂದೊಮ್ಮೆ ಎಟುಕಿರಬೇಕು. ಈ ಮೂರು ತಾಲ್ಲೂಕುಗಳ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಅದು ಎಂದಾದರೂ ಎಟುಕಿತ್ತೇ? ಎಟುಕದೆ ಹೋಗಿದ್ದರೆ ಅಡ್ಡಬಂದದ್ದು ಯಾವುದು?

ಮೊದಲು ಲೆಕ್ಕ ಹಾಕೋಣ. ದೊಡ್ಡ ಪಾರ್ಕ್‌ಗಳ ಟಿಕೆಟ್ ದರ ವಾರಕ್ಕೆ, ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಬಿಡದಿಯಿರಲಿ, ರಾಮೋಜಿಯಿರಲಿ, ವಯಸ್ಕರ ಟಿಕೆಟ್ಟಿಗೆ ಒಂದೂವರೆ ಸಾವಿರ ರೂಪಾಯಿಯ ಆಸುಪಾಸು ಹಿಡಿಯಬೇಕು. ಮಕ್ಕಳಿಗೆ, ಹಿರಿಯರಿಗೆ ಒಂದಿಷ್ಟು ರಿಯಾಯಿತಿ ಇದೆ. ಆದರೆ ವಂಡರ್‌ಲಾದಲ್ಲಿ ಮಗುವಿನ ಟಿಕೆಟ್ ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ಎತ್ತರದಿಂದ. 140 ಸೆಂ.ಮೀ. ದಾಟಿದರೆ ಪೂರ್ತಿ ದರ. ಎಂಟನೇ ತರಗತಿಯ ಹುಡುಗ ಅಲ್ಲಿ ದೊಡ್ಡ ಮನುಷ್ಯನೇ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಬ್ಬ ಅಜ್ಜಿ ಇರುವ ಮನೆಗೆ ಗೇಟು ದಾಟುವ ಖರ್ಚೇ ಏಳು ಸಾವಿರದ ಹತ್ತಿರ ಬರುತ್ತದೆ.

ಈ ಏಳು ಸಾವಿರ ಇಲ್ಲಿ ಎಷ್ಟು ದೊಡ್ಡದು? ಉದ್ಯೋಗ ಖಾತರಿಯಡಿ 2025–26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ದಿನಗೂಲಿ ₹370. ಅಂದರೆ ಗೇಟು ದಾಟಲು ಹತ್ತೊಂಬತ್ತು ದಿನದ ಕೂಲಿ ಬೇಕು. 2023–24ರ ಕೇಂದ್ರ ಸರ್ಕಾರದ ಕೌಟುಂಬಿಕ ವೆಚ್ಚ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಒಬ್ಬ ವ್ಯಕ್ತಿಯ ಸರಾಸರಿ ತಿಂಗಳ ಖರ್ಚು ₹4,122. ಐವರ ಮನೆಗೆ ತಿಂಗಳಿಗೆ ಇಪ್ಪತ್ತು ಸಾವಿರ ಚಿಲ್ಲರೆ. ಅದರ ಮೂರನೇ ಒಂದು ಪಾಲು ಒಂದೇ ದಿನ, ಒಂದೇ ಗೇಟಿನಲ್ಲಿ ಹೋಗುತ್ತದೆ. ತೊಗರಿಯ ಲೆಕ್ಕದಲ್ಲಿ ಹೇಳುವುದಾದರೆ, 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ ₹8,000. ಮಳೆಯನ್ನೇ ನಂಬಿದ ಎಕರೆಯಲ್ಲಿ ಮೂರ್ನಾಲ್ಕು ಕ್ವಿಂಟಲ್ ಬಂದರೆ ಚೆನ್ನಾಗಿ ಬೆಳೆದ ಹಾಗೆ. 2025ರ ಮುಂಗಾರಿನ ಕೊನೆಗೆ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ನದಿದಂಡೆಯ ಹೊಲಗಳನ್ನು ಮುಳುಗಿಸಿದಂತಹ ವರ್ಷಗಳಲ್ಲಿ ಆ ಮಾತೂ ಇಲ್ಲ.

ಟಿಕೆಟ್ಟಿಗಿಂತ ಮೊದಲು ಎದುರಾಗುವುದು ದೂರ. ಕಲಬುರಗಿಯಿಂದ ಹೈದರಾಬಾದು ಸುಮಾರು 220 ಕಿ.ಮೀ., ಬೆಂಗಳೂರು 600 ಕಿ.ಮೀ. ಆಸುಪಾಸು. 2023ರ ಜೂನ್ 11ರಂದು ಜಾರಿಗೆ ಬಂದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ನೀಡುವ ಶಕ್ತಿ ಯೋಜನೆ ಇಲ್ಲೊಂದು ವಿಚಿತ್ರ ಇಕ್ಕಟ್ಟು ತಂದಿಟ್ಟಿದೆ. ಹತ್ತಿರದ ಹೈದರಾಬಾದು ಬೇರೆ ರಾಜ್ಯ, ಅಲ್ಲಿಗೆ ಉಚಿತ ಪ್ರಯಾಣವಿಲ್ಲ. ದೂರದ ಬೆಂಗಳೂರಿಗೆ ಸಾಮಾನ್ಯ ಬಸ್ಸಿನಲ್ಲಿ ಅಜ್ಜಿ, ತಾಯಿ, ಮಗಳು ಟಿಕೆಟ್ಟಿಗೆ ಹಣ ಕೊಡಬೇಕಿಲ್ಲ, ಆದರೆ ರಾತ್ರಿಯಿಡೀ ಕುಳಿತೇ ಹೋಗಬೇಕು, ಸ್ಲೀಪರ್, ಎ.ಸಿ. ಬಸ್ಸುಗಳು ಯೋಜನೆಯ ಹೊರಗೆ. ಬೆಳಗ್ಗೆ ಇಳಿದು, ಮುಖ ತೊಳೆಯಲು ಒಂದು ಕೋಣೆ ಹಿಡಿದು, ಬಿಡದಿಗೆ ಹೋಗಿ, ಸಂಜೆ ಮತ್ತೆ ಬಸ್ಸು ಹತ್ತಿದರೂ ಎರಡು ರಾತ್ರಿ ಒಂದು ಹಗಲು. ಊರಿಗೆ ಮರಳಿದ ದಿನ ಯಾರೂ ಕೆಲಸಕ್ಕೆ ಹೋಗಲಾರರು. ಸಂಬಳದವರಿಗೆ ಇದು ರಜೆ, ಕೂಲಿಯವರಿಗೆ ಆದಾಯ ಖೋತಾ. ಪಾರ್ಕಿನೊಳಗೆ ಬುತ್ತಿ ಒಯ್ಯುವಂತಿಲ್ಲ ಎಂಬ ನಿಯಮದಿಂದ ಊಟದ ಖರ್ಚೂ ಸೇರಿಕೊಳ್ಳುತ್ತದೆ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಊರು ಬಿಡುವ ಮನೆಗೆ ಇದೇ ಎಲ್ಲಕ್ಕಿಂತ ಕಸಿವಿಸಿಯ ಸಂಗತಿ.

ಈ ತಾಲ್ಲೂಕುಗಳ ಎಷ್ಟೋ ತಾಂಡಾಗಳ, ಓಣಿಗಳ ಜನರಿಗೆ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದು ಹೊಸ ಊರುಗಳೇನಲ್ಲ. ಗುಳೆ ಹೋಗಿ ಕಟ್ಟಡ ಕಟ್ಟುವ ಮಂದಿ ಅವರು. ಊರು ಗೊತ್ತು, ದಾರಿ ಗೊತ್ತು. ಆ ಊರಿನ ಮೋಜಷ್ಟೇ ಅವರದಲ್ಲ.

ಇಷ್ಟಾದರೂ ಮೂಲ ತೊಡಕು ಒಂದೂವರೆ ಸಾವಿರ ಎಂಬ ಅಂಕಿಯಲ್ಲಿಲ್ಲ ಎನಿಸುತ್ತದೆ. ತಲೆಗಿಷ್ಟು ಎಂದು ಬಾಗಿಲಲ್ಲೇ ಎಲ್ಲವನ್ನೂ ಕಿತ್ತುಕೊಳ್ಳುವ ಕ್ರಮದಲ್ಲಿದೆ. ಅಜ್ಜಿ ರೋಲರ್ ಕೋಸ್ಟರ್ ಹತ್ತುವುದಿಲ್ಲ. ತಾಯಿ ಸೀರೆಯುಟ್ಟು ನೀರಿಗಿಳಿಯುವುದಿಲ್ಲ. ಅವರಿಬ್ಬರೂ ಬರುವುದು ಮಕ್ಕಳು ಆಡುವುದನ್ನು ನೋಡಲು, ಚಪ್ಪಲಿ, ಚೀಲ ಕಾಯಲು. ಆ ಕಾಯುವಿಕೆಗೂ ಹೆಚ್ಚುಕಡಿಮೆ ಪೂರ್ತಿ ಹಣ.

ಥೀಮ್ ಪಾರ್ಕ್‌ಗಳು ಹುಟ್ಟಿದಾಗ ಹೀಗಿರಲಿಲ್ಲ. 1955ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ವಯಸ್ಕರ ಪ್ರವೇಶ ಶುಲ್ಕ ಒಂದು ಡಾಲರ್. ಒಳಗೆ ಹತ್ತುವ ಪ್ರತಿ ಆಟಕ್ಕೆ ಬೇರೆ ಟಿಕೆಟ್. ಆಡಿದವರು ಆಡಿದಷ್ಟಕ್ಕೆ ಕೊಡುತ್ತಿದ್ದರು. ಆಟಕ್ಕೊಂದು ಚೀಟಿಯ ಆ ಪದ್ಧತಿ 1982ರಲ್ಲಿ ಕೊನೆಗೊಂಡು, ಒಂದೇ ದರಕ್ಕೆ ಎಲ್ಲ ಆಟ ಎಂಬ ಕ್ರಮ ಬಂತು. 2024ರ ಅಕ್ಟೋಬರ್‌ನಲ್ಲಿ ಅಲ್ಲಿ ಗಿಜಿಗುಡುವ ದಿನಗಳ ಟಿಕೆಟ್ 200 ಡಾಲರ್ ದಾಟಿತು. ನಮ್ಮ ಪಾರ್ಕ್‌ಗಳು ಅನುಸರಿಸಿದ್ದು ಡಿಸ್ನಿಯ ಎರಡನೇ ಕ್ರಮವನ್ನು. ಮೊದಲನೆಯದು ಈಗಲೂ ಉಳಿದಿರುವುದು ನಮ್ಮ ಜಾತ್ರೆಗಳಲ್ಲಿ.

ಹೋಳಿಯ ನಂತರ ಕಲಬುರಗಿಯಲ್ಲಿ ನಡೆಯುವ ಶರಣಬಸವೇಶ್ವರ ಜಾತ್ರೆಗೆ ಈ ಮೂರೂ ತಾಲ್ಲೂಕಿನ ಜನ ಬರುತ್ತಾರೆ. ತೇರು ಎಳೆದ ಮೇಲೂ ಜಾತ್ರೆಯ ಬಯಲು ಖಾಲಿಯಾಗುವುದಿಲ್ಲ. ತೊಟ್ಟಿಲು, ಕೊಲಂಬಸ್, ಬ್ರೇಕ್ ಡ್ಯಾನ್ಸ್, ಸಾವಿನ ಬಾವಿ ಎಲ್ಲಕ್ಕೂ ಬೇರೆ ಬೇರೆ ಟಿಕೆಟ್ಟಿನ ಗೂಡು. ಬಯಲಿಗೆ ಬರಲು ಯಾರೂ ಹಣ ಕೇಳುವುದಿಲ್ಲ. ಸಂಜೆ ಏಳರ ಹೊತ್ತಿಗೆ ಅಲ್ಲಿ ನಿಂತು ನೋಡಿದರೆ ಮನೆಯ ಹಣಕಾಸು ಸಚಿವೆಯ ಕೆಲಸ ಕಾಣುತ್ತದೆ. ಸೆರಗಿನ ಗಂಟು ಬಿಚ್ಚಿ ಎರಡು ಟಿಕೆಟ್ ಕೊಂಡು, ತಮ್ಮನನ್ನು ಅಕ್ಕನ ಪಕ್ಕ ಕೂರಿಸಿ, ಕೊಕ್ಕೆ ಬಿದ್ದಿದೆಯೇ ಎಂದು ತಾನೇ ಎಳೆದು ನೋಡಿ, ತೊಟ್ಟಿಲು ಮೇಲೇರಿದಾಗ ಕೆಳಗಿನಿಂದ ಕೈ ಬೀಸುತ್ತಾಳೆ. ‘ಇನ್ನೊಂದ್ಸಲ’ ಎಂದರೆ ‘ಭಜಿ ಬೇಕೋ, ತೊಟ್ಟಿಲ ಬೇಕೋ’ ಎಂದು ಕೇಳುತ್ತಾಳೆ. ಎಷ್ಟು ಮೋಜು, ಎಷ್ಟು ಖರ್ಚು ಎಂಬ ತೀರ್ಮಾನ ಕೊನೆಯವರೆಗೂ ಅವಳ ಕೈಯಲ್ಲೇ ಇರುತ್ತದೆ. ಬಾಗಿಲಲ್ಲೇ ಏಳು ಸಾವಿರ ತೆತ್ತವರಿಗೆ ಆ ಹಿಡಿತವಿಲ್ಲ.

ಹಾಗೆಂದು ‘ನಮಗೆ ಜಾತ್ರೆಯೇ ಸಾಕು, ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ ಪಲ್ಯ ಸಜ್ಜೆ ರೊಟ್ಟಿ ಉಂಡು ಬಂದರೆ ಅದೇ ಪ್ರವಾಸ’ ಎಂದು ಸಮಾಧಾನ ಹೇಳುವುದು ಸರಿಯಲ್ಲ. ಎಳ್ಳ ಅಮಾವಾಸ್ಯೆಯ ಸೊಗಸು ಹೊಲ ಇದ್ದವರಿಗೆ ಮತ್ತು ಅವರು ಕರೆದವರಿಗೆ. ಜಾತ್ರೆಯಲ್ಲಿ ಯಾರು ಯಾವ ಓಣಿಯವರು ಎಂಬುದು ಎಲ್ಲರಿಗೂ ಗೊತ್ತು. ಥೀಮ್ ಪಾರ್ಕಿನ ಸಾಲಿನಲ್ಲಿ ಅದನ್ನು ಕೇಳುವವರಿಲ್ಲ, ನೀರಿನ ಕೊಳದಲ್ಲಿ ಎಲ್ಲರೂ ಒಂದೇ ನೀರಿಗೆ ಇಳಿಯುತ್ತಾರೆ. ಊರ ಬಾವಿಯ ನೀರಿನ ಇತಿಹಾಸ ಬಲ್ಲವರಿಗೆ ಇದು ಸಣ್ಣ ಮಾತಲ್ಲ. ಸುರಕ್ಷತೆಯ ಪ್ರಶ್ನೆಯೂ ಇದೆ. ಬೇಸಿಗೆಯಲ್ಲಿ ಈಜಲು ಹೊಳೆ, ಬಾವಿ, ಬ್ಯಾರೇಜುಗಳಿಗೆ ಇಳಿದ ಮಕ್ಕಳು ಮುಳುಗಿದ ಸುದ್ದಿ ಪ್ರತಿವರ್ಷ ಓದುತ್ತೇವೆ. ಕಾವಲುಗಾರರಿರುವ, ಆಳ ಅಳೆದಿಟ್ಟ ನೀರು ಐಷಾರಾಮವಲ್ಲ.

ಬಾಗಿಲ ದರ ಹೀಗಿರುವುದರಿಂದ ಈ ಭಾಗದ ಮಕ್ಕಳು ಥೀಮ್ ಪಾರ್ಕ್ ನೋಡುವುದು ಹೆಚ್ಚಾಗಿ ಶಾಲಾ ಪ್ರವಾಸದಲ್ಲಿ, ಮನೆಯವರಿಲ್ಲದೆ. ಡಿಸೆಂಬರ್ ಹೊತ್ತಿಗೆ ಮೇಷ್ಟ್ರು ಪಟ್ಟಿ ಮಾಡುತ್ತಾರೆ. ಬರುತ್ತೇನೆ ಎಂದವರ ಹೆಸರು ಪೆನ್ಸಿಲ್ಲಿನಲ್ಲಿ, ಹಣ ಕಟ್ಟಿದವರದ್ದು ಪೆನ್ನಿನಲ್ಲಿ. ಕೊನೆಯ ವಾರ ರಬ್ಬರಿನಿಂದ ಅಳಿಸಿಹೋಗುವ ಹೆಸರುಗಳು ಯಾರವು ಎಂದು ಯಾವ ಸಮೀಕ್ಷೆಯೂ ಇಲ್ಲದೆ ಊಹಿಸಬಹುದು. ಒಂದೇ ಮನೆಯಲ್ಲಿ ಇಬ್ಬರು ಕಲಿಯುತ್ತಿದ್ದರೆ ‘ಅವ್ನು ಹೋಗ್ಲಿ, ನೀ ಮುಂದಿನ ವರ್ಷ’ ಎಂಬ ಮಾತು ಕೇಳಬೇಕಾದವಳು ಸಾಮಾನ್ಯವಾಗಿ ಹುಡುಗಿಯೇ.

ದರ ಇಳಿಸುವುದು ಸುಲಭವಲ್ಲ ಎಂಬ ಪಾರ್ಕ್ ನಡೆಸುವವರ ಮಾತಿನಲ್ಲೂ ಹುರುಳಿದೆ. ಬಿಡದಿಯ ಪಾರ್ಕ್ 80ಕ್ಕೂ ಹೆಚ್ಚು ಎಕರೆಯಲ್ಲಿ 2005ರಿಂದ ನಡೆಯುತ್ತಿದೆ. ಭೂಮಿ, ವಿದ್ಯುತ್ತು, ನೀರಿನ ಶುದ್ಧೀಕರಣ, ಪ್ರತಿದಿನದ ಯಂತ್ರ ತಪಾಸಣೆ ಯಾವುದೂ ಅಗ್ಗವಲ್ಲ. ತಪಾಸಣೆಯಲ್ಲಿ ಕೈ ಬಿಗಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾ ಪಾರ್ಕಿನಲ್ಲಿ ತೂಗಾಡುವ ಆಟದ ಯಂತ್ರ ಮುರಿದು ಜೀವಹಾನಿಯಾದದ್ದು ಸಾಕ್ಷಿ. ಸುರಕ್ಷತೆ ಕಡಿಮೆ ಮಾಡಿ ದರ ಇಳಿಸಿ ಎಂದು ಯಾರೂ ಕೇಳಬಾರದು.

ಆದರೆ ತೆರಿಗೆಯ ವಿಷಯದಲ್ಲಿ ಸರ್ಕಾರವನ್ನು ಕೇಳಬಹುದು. 2017ರಲ್ಲಿ ಜಿಎಸ್‌ಟಿ ಬಂದಾಗ ಮನರಂಜನಾ ಪಾರ್ಕ್‌ಗಳ ಪ್ರವೇಶಕ್ಕೆ ಶೇ 28 ತೆರಿಗೆ ಇತ್ತು. 2018ರ ಜನವರಿಯಲ್ಲಿ ಅದು ಶೇ 18ಕ್ಕೆ ಇಳಿಯಿತು. ತೆರಿಗೆ ಸೇರಿ ₹1,500 ಕೊಟ್ಟರೆ ಅದರಲ್ಲಿ ಸುಮಾರು ₹229 ಸರ್ಕಾರದ ಪಾಲು. ಐವರಿಗೆ ಸಾವಿರ ರೂಪಾಯಿ ಮೀರುತ್ತದೆ. ಮೃಗಾಲಯ, ವಸ್ತುಸಂಗ್ರಹಾಲಯಗಳ ಪ್ರವೇಶಕ್ಕೆ ಜಿಎಸ್‌ಟಿ ಇಲ್ಲ. ನಾಟಕ, ಸರ್ಕಸ್, ತಾರಾಲಯಗಳ ಟಿಕೆಟ್ ₹500ರ ಒಳಗಿದ್ದರೆ ಅದಕ್ಕೂ ವಿನಾಯಿತಿ. ಕಂಪನಿ ನಾಟಕಕ್ಕೆ ಒಪ್ಪಿದ ಈ ತತ್ವವನ್ನು ಪಾರ್ಕ್‌ಗಳಿಗೂ ವಿಸ್ತರಿಸುವುದು ಕಷ್ಟವಲ್ಲ. ₹500ರೊಳಗಿನ ಪ್ರವೇಶಕ್ಕೆ ತೆರಿಗೆ ಬೇಡ ಎಂದರೆ, ಕಡಿಮೆ ಬಾಗಿಲ ಶುಲ್ಕ ಮತ್ತು ಆಟಕ್ಕೊಂದು ಟಿಕೆಟ್ ಎಂಬ ಹಳೆಯ ಕ್ರಮಕ್ಕೆ ಮರಳಲು ಪಾರ್ಕ್‌ಗಳಿಗೂ ಲಾಭದ ಕಾರಣ ಸಿಗುತ್ತದೆ.

ಇನ್ನು ಸರ್ಕಾರದ ಸ್ವಂತ ಯೋಜನೆಗಳು. ಕೆಆರ್‌ಎಸ್ ಬಳಿ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕ್ ಎಂಬ ಮಾತು 2018ರಲ್ಲಿ ಕೇಳಿಬಂತು. 2024ರಲ್ಲಿ ಅಲ್ಲಿನ ಬೃಂದಾವನ ಉದ್ಯಾನವನ್ನು ಸಾರ್ವಜನಿಕ–ಖಾಸಗಿ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸುವ, ₹2,600 ಕೋಟಿಗೂ ಮೀರಿದ ಯೋಜನೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಅಣೆಕಟ್ಟೆಯ ಸುರಕ್ಷತೆಯ ಬಗ್ಗೆ ರೈತರು ಎತ್ತಿದ ಪ್ರಶ್ನೆ ಒಂದು ಕಡೆಗಿರಲಿ. ಸಾರ್ವಜನಿಕ ಭೂಮಿಯಲ್ಲಿ ಕಟ್ಟುವ ಪಾರ್ಕಿನ ಬಾಗಿಲು ಯಾರಿಗೆ ತೆರೆದಿರಬೇಕು ಎಂಬ ಷರತ್ತಿನ ಬಗ್ಗೆ ಚರ್ಚೆಯೇ ನಡೆದಿಲ್ಲ. ಆಟವಾಡದೆ ಜೊತೆಗೆ ಬರುವವರಿಗೆ ಕಡಿಮೆ ದರ, ಬುತ್ತಿ ಒಯ್ಯಲು ಅವಕಾಶ, ವಾರದಲ್ಲೊಂದು ದಿನ ಸರ್ಕಾರಿ ಶಾಲೆಯ ಮಕ್ಕಳಿಗೆ ಮನೆಯವರೊಂದಿಗೆ ರಿಯಾಯಿತಿ, ಈ ಮೂರನ್ನಾದರೂ ಇಂತಹ ಒಪ್ಪಂದಗಳಲ್ಲಿ ಬರೆಸಬೇಕು.

ಜೇವರ್ಗಿಯ ಮಗುವಿಗೆ ಕೆಆರ್‌ಎಸ್ ಬಿಡದಿಗಿಂತಲೂ ದೂರ. ಅದರ ಪಾಲಿನ ಮೋಜು ಹತ್ತಿರದಲ್ಲೇ ಸಿಗಬೇಕು. ಸಾಮಗ್ರಿ ಇಲ್ಲದಿಲ್ಲ. ಕಲಬುರಗಿಯಲ್ಲಿ 1984ರಲ್ಲಿ ಆರಂಭವಾದ ಜಿಲ್ಲಾ ವಿಜ್ಞಾನ ಕೇಂದ್ರವಿದೆ, ಅಪ್ಪನ ಕೆರೆಯಿದೆ. ಆಳಂದ ತಾಲ್ಲೂಕಿನ ಕೋರಳ್ಳಿಯಲ್ಲಿ ಅಮರ್ಜಾ ಜಲಾಶಯ, ಅಫಜಲಪುರದ ಗಾಣಗಾಪುರದಲ್ಲಿ ಭೀಮಾ–ಅಮರ್ಜಾ ಸಂಗಮ, ಸೊನ್ನದಲ್ಲಿ ಬ್ಯಾರೇಜು ಇವೆ. ಜೇವರ್ಗಿಯಿಂದ ಸಿಂದಗಿ ದಾರಿ ಹಿಡಿದರೆ ವಿಜಯಪುರದ ಗೋಳಗುಮ್ಮಟ; ಅಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಇಲ್ಲದಿರುವುದು ನೆರಳು, ಶೌಚಾಲಯ, ಕುಡಿಯುವ ನೀರು, ಜೀವರಕ್ಷಕರಿರುವ ಈಜುಕೊಳ ಮತ್ತು ಸಂಜೆ ವಾಪಸು ಬರುವ ಬಸ್ಸು.

ಖರ್ಚಿನ ಗೋಡೆ ತಗ್ಗಿದರೆ ಜನ ಹೊರಗೆ ಬರುತ್ತಾರೆ ಎಂಬುದನ್ನು ಶಕ್ತಿ ಯೋಜನೆ ತೋರಿಸಿಕೊಟ್ಟಿದೆ. 2025ರ ಜುಲೈ ಹೊತ್ತಿಗೆ ಅದರ ಉಚಿತ ಪ್ರಯಾಣಗಳು 500 ಕೋಟಿ ಮುಟ್ಟಿದವು. ಆ ಹೆಂಗಸರೆಲ್ಲ ಆಫೀಸಿಗೇ ಹೋದವರಲ್ಲ. ಘತ್ತರಗಿ ಭಾಗಮ್ಮನ ಗುಡಿಗೂ ಗಾಣಗಾಪುರದ ಹುಣ್ಣಿಮೆಗೂ ಮಕ್ಕಳನ್ನು ಕಟ್ಟಿಕೊಂಡು ಹೋದವರೂ ಅವರಲ್ಲಿದ್ದಾರೆ. ದೇವರ ನೆಪವಿಲ್ಲದೆ, ಬರೀ ಸಂತೋಷಕ್ಕಾಗಿ ಮನೆಯವರೆಲ್ಲ ಒಟ್ಟಿಗೆ ಹೋಗಬಹುದಾದ ಜಾಗ ಈ ಮೂರು ತಾಲ್ಲೂಕುಗಳಲ್ಲಿ ಕಟ್ಟಿಯೇ ಇಲ್ಲ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ ₹5,000 ಕೋಟಿ ಘೋಷಿಸಲಾಗುತ್ತಿದೆ. ರಸ್ತೆ, ಶಾಲೆ, ಆಸ್ಪತ್ರೆ ಮೊದಲು ಆಗಬೇಕು, ಒಪ್ಪೋಣ. ಅದರ ಒಂದು ಸಣ್ಣ ಪಾಲಿನಲ್ಲಿ ತಾಲ್ಲೂಕಿಗೊಂದು ಸುರಕ್ಷಿತ ಈಜುಕೊಳ ಮತ್ತು ಆಟದ ಉದ್ಯಾನ ಕಟ್ಟಲಿ. ಜಾತ್ರೆಯ ತೊಟ್ಟಿಲುಗಳಿಗೆ ಎಂಜಿನಿಯರ್ ತಪಾಸಣೆಯ ಚೀಟಿ ಕಡ್ಡಾಯವಾಗಲಿ. ಏಪ್ರಿಲ್, ಮೇ ತಿಂಗಳ ಭಾನುವಾರಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ನಿಲ್ದಾಣಗಳಿಂದ ವಿಜ್ಞಾನ ಕೇಂದ್ರಕ್ಕೆ, ವಿಜಯಪುರಕ್ಕೆ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮ ವಿಶೇಷ ಬಸ್ಸು ಬಿಡಲಿ. ರಜೆಯ ಸಂತೋಷವನ್ನು ಅಭಿವೃದ್ಧಿಯ ಲೆಕ್ಕದಲ್ಲಿ ಸೇರಿಸದ ಸರ್ಕಾರ, ಆ ಕೆಲಸವನ್ನು ಪೂರ್ತಿ ಮಾರುಕಟ್ಟೆಗೆ ಬಿಟ್ಟುಕೊಟ್ಟಂತೆ. ಮಾರುಕಟ್ಟೆ ಗೇಟು ಕಟ್ಟುವುದು ಹಣವಿದ್ದ ಊರಿನಲ್ಲಿ ಮಾತ್ರ.