ದಡ ಮುಟ್ಟಿಸದ ನೆರವು

ವಿದ್ಯೆಗೆ ನೆರವಾಗುವುದರಲ್ಲಿ ನಮ್ಮ ಸಮಾಜವು ಎಂದೂ ಹಿಂದೆ ಬಿದ್ದಿಲ್ಲವೆಂಬ ಹೆಮ್ಮೆ ನಮಗಿದೆ. ಆ ಹೆಮ್ಮೆ ಅರ್ಧಸತ್ಯವೆಂದು ನಿಷ್ಠುರವಾಗಿ ಹೇಳಬೇಕಾಗಿದೆ. ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದೊಡನೆ ನಾವು ಸಭೆ ಸೇರುತ್ತೇವೆ. ಹೆಚ್ಚು ಅಂಕ ಗಳಿಸಿದವರಿಗೆ ಶಾಲು ಹೊದಿಸಿ, ಫಲಕ ಕೊಟ್ಟು, ಛಾಯಾಚಿತ್ರ ತೆಗೆಸಿಕೊಳ್ಳುತ್ತೇವೆ. ಎಸ್.ಎಸ್.ಎಲ್.ಸಿ. ಮುಗಿಸಿ ಪಾಲಿಟೆಕ್ನಿಕ್ ಸೇರಿದ ಮಕ್ಕಳ ಹೆಸರು ಆ ಪಟ್ಟಿಯಲ್ಲಿ ಕಾಣುವುದು ಅಪರೂಪ. "ಡಿಪ್ಲೊಮಾ ತಾನೆ?" ಎಂಬ ಒಂದೇ ಮಾತಿನಲ್ಲಿ ಅವರ ಭವಿಷ್ಯವನ್ನು ಅಳೆದುಬಿಡುತ್ತೇವೆ.

ಈ ತಾತ್ಸಾರಕ್ಕೆ ಆಧಾರವೇನು? ಪಿ.ಯು.ಸಿ. 2 ವರ್ಷ, ಬಿ.ಇ. 4 ವರ್ಷ, ಒಟ್ಟು 6. ಡಿಪ್ಲೊಮಾ 3 ವರ್ಷ, ಅನಂತರ ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಸೇರಿ 3 ವರ್ಷ, ಅದೂ 6. ಒಂದೇ ಊರಿಗೆ ಹೋಗುವ ಎರಡು ದಾರಿಗಳಲ್ಲಿ ಒಂದನ್ನು ಹೆದ್ದಾರಿಯೆಂದೂ ಇನ್ನೊಂದನ್ನು ಕಾಲುದಾರಿಯೆಂದೂ ಕರೆದವರು ನಾವೇ ಅಲ್ಲವೇ?

ಡಿಪ್ಲೊಮಾ ಮುಗಿಸಿದವರಿಗೆ ಪೀಣ್ಯದ ಕಾರ್ಖಾನೆಗಳಲ್ಲಿ ಕೆಲಸ ಸಿಗುತ್ತದೆ, ಪದವಿ ಏಕೆ ಬೇಕು ಎಂದು ಕೆಲವರು ಕೇಳಬಹುದು. ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನೇ ನೋಡಿ: ಡಿಪ್ಲೊಮಾ ಪಡೆದವರಿಗೆ ಕಿರಿಯ ಇಂಜಿನಿಯರ್ ಹುದ್ದೆ, ಪದವೀಧರರಿಗೆ ಸಹಾಯಕ ಇಂಜಿನಿಯರ್ ಹುದ್ದೆ. ದುಡಿಮೆಯ ಮೊದಲ ದಿನವೇ ಎಳೆದ ಈ ಗೆರೆಯನ್ನು ದಾಟಲು ಎಷ್ಟೋ ವರ್ಷಗಳು ಬೇಕು. ಅದರ ಅರಿವಿದ್ದೂ ನಮ್ಮ ಸ್ವಂತ ಮಕ್ಕಳಿಗೆ ಬಯಸದ ತೃಪ್ತಿಯನ್ನು ಬಡವರ ಮಕ್ಕಳಿಗೆ ಉಪದೇಶಿಸುವುದು ಯಾವ ನ್ಯಾಯ?

ದಾರಿಯೇನೋ ಇದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಡಿ.ಸಿ.ಇ.ಟಿ. ನಡೆಸುತ್ತದೆ. ಯಲಹಂಕದ ಆಸುಪಾಸಿನ ಹುಣಸಮಾರನಹಳ್ಳಿ, ಆವಲಹಳ್ಳಿಗಳಲ್ಲಿಯೂ ಹೆಬ್ಬಾಳದಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಸೀಟು ಸಿಕ್ಕಿದೊಡನೆ ನಮ್ಮ ಕರ್ತವ್ಯ ಮುಗಿಯಿತೆಂದು ನಾವು ಭಾವಿಸುತ್ತೇವೆ. ನಿಜವಾದ ಸಂಕಟ ಆರಂಭವಾಗುವುದೇ ಅಲ್ಲಿಂದ. ಮೊದಲ ವರ್ಷದ ಗಣಿತವನ್ನು ಓದದೆ ಬಂದ ವಿದ್ಯಾರ್ಥಿಯು ನೇರವಾಗಿ ಮೂರನೆಯ ಸೆಮಿಸ್ಟರಿನಲ್ಲಿ ಕೂರುತ್ತಾನೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಯೋಜನೆಯಲ್ಲಿ ಆ ಸೆಮಿಸ್ಟರಿನ ಗಣಿತವೆಂದರೆ ಲ್ಯಾಪ್ಲಾಸ್ ಪರಿವರ್ತನೆ, ಫೂರಿಯರ್ ಶ್ರೇಣಿ ಮೊದಲಾದವು. ಇಂಥವರಿಗಾಗಿಯೇ ಆ ಯೋಜನೆಯು ಮೂರು ಮತ್ತು ನಾಲ್ಕನೆಯ ಸೆಮಿಸ್ಟರುಗಳಲ್ಲಿ ಹೆಚ್ಚುವರಿ ಗಣಿತವನ್ನು ಇರಿಸಿತು. ಅದಕ್ಕೆ ಕ್ರೆಡಿಟ್ ಇಲ್ಲ. ಆದರೆ ಅದನ್ನು ಪೂರೈಸದೆ ಪದವಿಯೂ ಇಲ್ಲ. ಅಂದರೆ ಅಡಿಪಾಯವನ್ನೂ ಮೇಲಂತಸ್ತನ್ನೂ ಒಂದೇ ಕಾಲಕ್ಕೆ ಕಟ್ಟೆಂದು ಹದಿಹರೆಯದ ಹುಡುಗನಿಗೆ ಹೇಳಿದಂತಾಯಿತು. ಕನ್ನಡ ಮಾಧ್ಯಮದಿಂದ ಬಂದವನಿಗೆ ಭಾಷೆಯ ಭಾರ ಬೇರೆ. ಅವನು ಎಡವಿದರೆ "ನಾವು ಮೊದಲೇ ಹೇಳಿರಲಿಲ್ಲವೇ?" ಎನ್ನಲು ನಾವು ಸಿದ್ಧರಾಗಿರುತ್ತೇವೆ!

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1960ರ ತನ್ನ ಶಿಕ್ಷಣ ಯೋಜನೆಯಲ್ಲಿಯೇ, ಎರಡು ವರ್ಷಗಳ ಕಾಲೇಜುಗಳಿಂದ ವಿಶ್ವವಿದ್ಯಾಲಯಕ್ಕೆ ಬರುವವರಿಗೆ ಸ್ಥಾನ ಕಲ್ಪಿಸಿತು. ಇಲ್ಲಿ ಓದಿದ ಯಾವ ಪಾಠ ಅಲ್ಲಿ ಲೆಕ್ಕಕ್ಕೆ ಬರುತ್ತದೆಂಬುದನ್ನು ಮುಂಚಿತವಾಗಿ ತಿಳಿಸುವ ಒಪ್ಪಂದಗಳು ಅಲ್ಲಿವೆ. ನದಿಗಿಳಿಯುವ ಮುನ್ನವೇ ಸೇತುವೆಯಿರಬೇಕೆಂಬ ವಿವೇಕ ಅದು. ನಮ್ಮಲ್ಲಿಯಾದರೋ ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ರೀತಿ.

ವಿಶ್ವವಿದ್ಯಾಲಯದ ಪಠ್ಯವನ್ನು ತಿದ್ದುವ ಅಧಿಕಾರ ನಮಗಿಲ್ಲ, ನಿಜ. ಆದರೆ ಆರ್.ಟಿ. ನಗರ, ಯಶವಂತಪುರ, ಯಲಹಂಕಗಳಲ್ಲಿ ನೆಲೆಸಿರುವ ನಿವೃತ್ತ ಅಧ್ಯಾಪಕರೂ ಇಂಜಿನಿಯರರೂ ನಮ್ಮವರಲ್ಲವೇ? ಮದುವೆಯ ದಿನಗಳ ಹೊರತು ಬೀಗ ಬಿದ್ದಿರುವ ಸಭಾಭವನಗಳು ನಮ್ಮವಲ್ಲವೇ? ಡಿಪ್ಲೊಮಾದ ಕೊನೆಯ ವರ್ಷದಲ್ಲಿಯೇ ಭಾನುವಾರಗಳಂದು ಗಣಿತದ ಪಾಠ ಆರಂಭವಾಗಲಿ. ಸೀಟು ಹಂಚಿಕೆಗೆ ಕಾಯುವ ತಿಂಗಳುಗಳು ವ್ಯರ್ಥವಾಗದಿರಲಿ. ನಾಲ್ಕನೆಯ ಸೆಮಿಸ್ಟರ್ ಮುಗಿಯುವವರೆಗೆ, ಇದೇ ದಾರಿಯಲ್ಲಿ ನಡೆದ ಹಿರಿಯ ವಿದ್ಯಾರ್ಥಿಯೊಬ್ಬನು ಪ್ರತಿಯೊಬ್ಬರಿಗೂ ಜೊತೆಗಿರಲಿ. ವಿದ್ಯಾರ್ಥಿವೇತನವೂ ಪ್ರವೇಶದ ದಿನಕ್ಕೆ ಮುಗಿಯದೆ ಪದವಿಯವರೆಗೆ ಮುಂದುವರಿಯಲಿ.

ಗೆದ್ದವನಿಗೆ ಶಾಲು ಹೊದಿಸುವುದು ಸುಲಭ. ಅದರಿಂದ ಗೌರವ ಪಡೆಯುವವರು ನಾವೇ. ನಡುಹೊಳೆಯಲ್ಲಿರುವವನ ಕೈಹಿಡಿದು ದಡ ಮುಟ್ಟಿಸುವುದೇ ವಿದ್ಯಾದಾನ. ಮುಂದಿನ ಸನ್ಮಾನ ಸಭೆಯ ಖರ್ಚಿನ ಪಟ್ಟಿ ಸಿದ್ಧವಾಗುವ ಮುನ್ನ ಹಿರಿಯರು ಈ ಮಾತನ್ನು ಆಲೋಚಿಸಲಿ.