ಆಕಾಶ ಕಾಣದ ಆಂಟೆನಾ

ಬಾಹ್ಯಾಕಾಶ ನಿಲ್ದಾಣದಿಂದ ಹಿಡಿದ ಚಿತ್ರವನ್ನು ಸ್ಟೇಟಸ್‌ಗೆ ಹಾಕಿದ ದಿನವೇ ಆಫೀಸಿನ ಮೂರು ಜನ ಒಂದೇ ಪ್ರಶ್ನೆ ಕೇಳಿದರು: "ಯಾವ ರಿಸೀವರ್ ತಗೊಳ್ಳಲಿ?" ಆಂಟೆನಾ ಯಾವುದು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ ಬಿಡಿ. ಅದಕ್ಕೆ ತೆತ್ತ ದಂಡದ ಕತೆ ಇದು.

ಶುರುವಲ್ಲೇ ದುಬಾರಿ ರಿಸೀವರ್ ಕೊಂಡೆ, ಕಂತಿನಲ್ಲಿ. ಅದಕ್ಕೊಂದು ಗೇಣುದ್ದದ ಕಡ್ಡಿ ಆಂಟೆನಾ ಸಿಕ್ಕಿಸಿ ಬಾಲ್ಕನಿಯ ಕಿಟಕಿ ಮೇಲಿಟ್ಟೆ. ನಿಲ್ದಾಣ ಆಗಾಗ 145.800 ಮೆಗಾಹರ್ಟ್ಸ್‌ನಲ್ಲಿ ಚಿತ್ರಗಳನ್ನು ಶಬ್ದವಾಗಿ ಮಾಡಿ ಕಳಿಸುತ್ತದೆ. ಒಂದು ಚಿತ್ರಕ್ಕೆ ಸುಮಾರು ಎರಡು ನಿಮಿಷ. ನಿಲ್ದಾಣ ನಮ್ಮ ಆಕಾಶದಲ್ಲಿ ಇರೋದು ಹೆಚ್ಚೆಂದರೆ ಹತ್ತು ನಿಮಿಷ. ಆರನೇ ಕ್ಲಾಸಿನ ಮಗಳಿಗೆ "ನೋಡ್ತಿರು, ಗಗನಯಾತ್ರಿಗಳ ಕಡೆಯಿಂದ ಫೋಟೋ ಬರುತ್ತೆ" ಅಂದಿದ್ದೆ. ಮೂರು ಸಂಜೆ ಬರೀ ಸೊರ್ ಅನ್ನೋ ಸದ್ದು. ನಾಲ್ಕನೇ ಸಂಜೆ ಕರೆದರೆ, "ಅಪ್ಪಾ, ಹೋಮ್‌ವರ್ಕ್ ಇದೆ" ಅಂದಳು. ಹೋಮ್‌ವರ್ಕ್ ಇರಲಿಲ್ಲ. ಕಂತಿಗಿಂತ ಅದೇ ಹೆಚ್ಚು ಚುಚ್ಚಿತು.

ಆ ವಾರ ಕಣ್ಣು ತೋರಿಸೋಕೆ ಊರಿಂದ ನಮ್ಮಪ್ಪ ಬಂದಿದ್ದರು. ದೂರದರ್ಶನದ ಕಾಲದಲ್ಲಿ ಹೆಂಚಿನ ಮೇಲೆ ಹತ್ತಿ "ಬಂತಾ? ಈಗ ಬಂತಾ?" ಅಂತ ಕೂಗಿದ ಮನುಷ್ಯ. ನನ್ನ ಕಡ್ಡಿ ನೋಡಿ ಒಂದೇ ಮಾತು: "ಇದಕ್ಕೆ ಆಕಾಶ ಎಲ್ಲಿ ಕಾಣ್ತದೋ?"

ಅವರು ಹೇಳಿದ್ದು ಅರ್ಧ ಕಾರಣ. ಇನ್ನರ್ಧ ಹೀಗಿದೆ. ನೆಟ್ಟಗೆ ನಿಂತ ಕಡ್ಡಿ ಸುತ್ತಲೂ ಕೇಳಿಸಿಕೊಳ್ಳುತ್ತದೆ, ನೆತ್ತಿಯ ಮೇಲೆ ಮಾತ್ರ ಕಿವುಡು. ನಿಲ್ದಾಣ ದಿಗಂತದಲ್ಲಿದ್ದಾಗ 2000 ಕಿಲೋಮೀಟರಿಗೂ ದೂರ, ನೆತ್ತಿಗೆ ಬಂದಾಗ ಸುಮಾರು 400. ಅಂದರೆ ಅದು ತೀರಾ ಹತ್ತಿರ ಬಂದ ಹೊತ್ತಿಗೇ ನನ್ನ ಆಂಟೆನಾ ಕಿವಿ ಮುಚ್ಚಿಕೊಳ್ಳುತ್ತಿತ್ತು! ಸಾಲದ್ದಕ್ಕೆ ಪಕ್ಕದಲ್ಲೇ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್. ಇವೆರಡೂ ರೇಡಿಯೋ ಗದ್ದಲದ ಕಾರ್ಖಾನೆಗಳು. ರಿಸೀವರ್ ಎಷ್ಟೇ ಚೆನ್ನಾಗಿದ್ದರೂ ಆ ಗದ್ದಲವನ್ನೇ ಇನ್ನಷ್ಟು ಚೆನ್ನಾಗಿ ಕೇಳಿಸುತ್ತದೆ, ಅಷ್ಟೇ.

ಎಸ್.ಪಿ. ರೋಡಿಗೆ ಹೋಗಿ ಎರಡು ಅಲ್ಯೂಮಿನಿಯಂ ಸರಳು ತಂದೆ. ತಲಾ 49 ಸೆಂಟಿಮೀಟರಿಗೆ ಕತ್ತರಿಸಿ, ವೈರಿಂಗ್‌ನವರು ಬಳಸೋ ಪ್ಲಾಸ್ಟಿಕ್ ಕನೆಕ್ಟರಿಗೆ ಸಿಕ್ಕಿಸಿದೆ. ಒಂದಕ್ಕೆ ಕೇಬಲ್ಲಿನ ಒಳತಂತಿ, ಇನ್ನೊಂದಕ್ಕೆ ಹೊರಗಿನ ಜಾಲರಿ. ಸರಳುಗಳ ನಡುವೆ 120 ಡಿಗ್ರಿ, ನೆಲಕ್ಕೆ ಸಮವಾಗಿ ಮಲಗಿರಬೇಕು. ಕಂಬ ಅಂದರೆ ಹಳೇ ಮಾಪಿನ ಕೋಲು. ಇದಕ್ಕೆ ವಿ-ಡೈಪೋಲ್ ಅಂತಾರೆ. ಇದರ ನೋಟ ನೆತ್ತಿಯ ಕಡೆಗೇ.

ಕೇಬಲ್ ವಿಷಯದಲ್ಲೂ ಅಪ್ಪನೇ ಗೆದ್ದರು. ನಾನು ತಂದಿದ್ದು ತೆಳ್ಳಗಿನ ಆರ್‌ಜಿ-58. ಅದು 20 ಮೀಟರ್ ಹೋಗುವಷ್ಟರಲ್ಲಿ ಈ ತರಂಗದ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ನುಂಗುತ್ತದೆ. "ಡಿಶ್ ವೈರ್ ಉಳಿದಿಲ್ವಾ?" ಅಂದರು. ಆರ್‌ಜಿ-6! ಅಷ್ಟೇ ಉದ್ದಕ್ಕೆ ಅದು ಕಳೆಯೋದು ಸುಮಾರು ಮೂರನೇ ಒಂದು ಭಾಗ. ಅದು 75 ಓಮ್, ರಿಸೀವರ್ 50 ಓಮ್ ಅಂತ ಪುಸ್ತಕದ ಹುಳುಗಳು ಗೊಣಗಬಹುದು. ಬರೀ ಕೇಳೋ ಕೆಲಸಕ್ಕೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ. ಲ್ಯಾಪ್‌ಟಾಪನ್ನೇ ತಾರಸಿಗೆ ಒಯ್ದರೆ ಎರಡು ಮೀಟರ್ ಸಾಕು, ಈ ಚರ್ಚೆಯೇ ಬೇಡ. ಬಾಡಿಗೆ ಮನೆಯವರು ಮೊದಲು ಓನರ್ ಹತ್ತಿರ ತಾರಸಿ ಬೀಗದ ಕೈ ಕೇಳಿಟ್ಟುಕೊಳ್ಳಿ. ನನ್ನ ಮಟ್ಟಿಗೆ ಅತಿ ಕಷ್ಟದ ಭಾಗ ಅದೇ ಆಗಿತ್ತು.

ಈಗ ರಿಸೀವರ್. ಆರ್‌ಟಿಎಲ್-ಎಸ್‌ಡಿಆರ್ ಅನ್ನೋ ಪೆನ್‌ಡ್ರೈವ್ ಗಾತ್ರದ ಡಾಂಗಲ್ ಸಾಕು. ಲೋಹದ ಕವಚ ಮತ್ತು ಟಿಸಿಎಕ್ಸ್‌ಒ, ಅಂದರೆ ಬಿಸಿಯಾದರೂ ಆವರ್ತನ ಜಾರದ ಸ್ಫಟಿಕ, ಇವೆರಡು ಇದೆಯಾ ನೋಡಿ. ಹಳೇ ಟಿವಿ ಡಾಂಗಲ್‌ಗಳಲ್ಲಿ ಅದು ಇರೋಲ್ಲ, ನಿಲ್ದಾಣ ಹುಡುಕುವುದರಲ್ಲೇ ಹೊತ್ತು ಮುಗಿಯುತ್ತದೆ. ಎಫ್‌ಎಂ ಕೇಂದ್ರದ ಹತ್ತಿರ ಮನೆಯಿದ್ದರೆ ಎಫ್‌ಎಂ ತಡೆಯೋ ಫಿಲ್ಟರ್ ಕೂಡ ಬೇಕಾದೀತು. ಆಂಪ್ಲಿಫೈಯರ್ ಆಮೇಲೆ, ಕೊಂಡರೂ ಅದನ್ನು ಆಂಟೆನಾ ಬುಡದಲ್ಲಿಡಿ, ರಿಸೀವರ್ ಪಕ್ಕದಲ್ಲಲ್ಲ. ಕೇಬಲ್ಲಿನಲ್ಲಿ ಕಳೆದುಹೋದದ್ದನ್ನು ಯಾವ ಆಂಪ್ಲಿಫೈಯರೂ ವಾಪಸ್ ತರೋಲ್ಲ.

ಹಳೇ ವಿಡಿಯೋ ನೋಡಿ ನೋವಾ ಹವಾಮಾನ ಉಪಗ್ರಹಗಳಿಗೆ ಅಂತ ಏನೂ ಕೊಳ್ಳಬೇಡಿ. 15, 18, 19 ಮೂರೂ 2025ರಲ್ಲಿ ನಿಂತುಹೋದವು. 137 ಮೆಗಾಹರ್ಟ್ಸ್ ಆಸುಪಾಸಿನ ಚಿತ್ರ ಬೇಕಿದ್ದರೆ ರಷ್ಯಾದ ಮೀಟಿಯರ್ ಕಡೆ ನೋಡಿ. ಸರಳು 53 ಸೆಂಟಿಮೀಟರ್ ಇರಲಿ.

ಅಪ್ಪ ಹೊರಡೋ ಹಿಂದಿನ ಸಂಜೆ ಮೂವರೂ ತಾರಸಿಯಲ್ಲಿದ್ದೆವು. ನಾನು ಲ್ಯಾಪ್‌ಟಾಪ್, ಅವರು ಮಾಪಿನ ಕೋಲು. ಮಗಳು ಫೋನಿನಲ್ಲಿ ರೋಬೋಟ್36 ಆ್ಯಪ್ ತೆರೆದು ಸ್ಪೀಕರಿಗೆ ಹಿಡಿದುಕೊಂಡಿದ್ದಳು. ಸೊರ್ ಸದ್ದಿನ ನಡುವೆ ಚಿಲಿಪಿಲಿ ಕೇಳಿತು. ಗೆರೆ ಗೆರೆಯಾಗಿ ಚಿತ್ರ ಇಳಿಯತೊಡಗಿತು. ಅರ್ಧ ಬಂತು, ಅಷ್ಟರಲ್ಲಿ ನಿಲ್ದಾಣ ಪಕ್ಕದ ಮನೆಯ ನೀರಿನ ಟ್ಯಾಂಕ್ ಹಿಂದೆ ಸರಿಯಿತು. ಕೆಳಗಿನ ಅರ್ಧ ಬರೀ ಚುಕ್ಕಿ.

"ತಾತಾ, ಆ ಮೂಲೆಗೆ ಹಿಡೀಬೇಕಿತ್ತು" ಅಂತ ಮಗಳು ಬೈದಳು. ಮುಂದಿನ ಸುತ್ತಿಗೆ ಇನ್ನು ಒಂದೂವರೆ ಗಂಟೆ. ಯಾರೂ ಕೆಳಗಿಳಿಯಲಿಲ್ಲ, ಊಟ ಮೇಲಕ್ಕೇ ಬಂತು.